ಪಾಲಿಲ್ಲದ ಪಾಲುದಾರರು

ಕೋರಮಂಗಲದ ಯಾವುದಾದರೂ ದೊಡ್ಡ ಹೋಟೆಲಿನ ಮುಂದೆ ಮಧ್ಯಾಹ್ನ ಒಂದು ಗಂಟೆಗೆ ಹೋಗಿ ನಿಂತು ನೋಡಿ. ಬೆನ್ನ ಮೇಲೆ ಚೌಕನೆಯ ಚೀಲ, ಮೈಮೇಲೆ ಕಂಪನಿಯ ಬಣ್ಣದ ಟೀ ಶರ್ಟು, ಕೈಯಲ್ಲಿ ಗಳಿಗೆಗೊಮ್ಮೆ ಬಡಿದುಕೊಳ್ಳುವ ಮೊಬೈಲು. ಮಂಡ್ಯದ ಹುಡುಗ, ರಾಯಚೂರಿನ ಹುಡುಗ, ಅವರ ಪಕ್ಕದಲ್ಲೇ ಅಸ್ಸಾಮಿನ ಹುಡುಗ. ಎಲ್ಲರೂ ಪಾರ್ಸೆಲ್ಲಿಗೆ ಕಾಯುತ್ತಿದ್ದಾರೆ. ಬಿಸಿಲಿಗೆ ನೆರಳಿಲ್ಲ, ಮಳೆಗೆ ಸೂರಿಲ್ಲ. ಇವರನ್ನು ಕಂಪನಿಯವರು ಕೂಲಿ ಎನ್ನುವುದಿಲ್ಲ. ನೌಕರ ಎಂದೂ ಎನ್ನುವುದಿಲ್ಲ. ಇಟ್ಟಿರುವ ಹೆಸರು ‘ಡೆಲಿವರಿ ಪಾರ್ಟ್‌ನರ್’. ನಮ್ಮ ಮಾತಿನಲ್ಲಿ ಹೇಳುವುದಾದರೆ ಪಾಲುದಾರ.

ಪಾಲುದಾರ, ಸರಿ. ಪಾಲು ಎಲ್ಲಿ ಸ್ವಾಮಿ?

2024ರ ನವೆಂಬರಿನಲ್ಲಿ ಸ್ವಿಗ್ಗಿ ಕಂಪನಿ ಷೇರು ಪೇಟೆಗೆ ಬಂತು. ಮಾರಾಟಕ್ಕಿಟ್ಟ ಷೇರುಗಳ ಮೊತ್ತ 11,327 ಕೋಟಿ ರೂಪಾಯಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹಳೆಯ ಹೂಡಿಕೆದಾರರು ಮಾರಿದ ಷೇರುಗಳದು. ಕಂಪನಿಯ ನೂರಾರು ನೌಕರರು ಕೋಟ್ಯಧಿಪತಿಗಳಾದರು ಎಂದು ಪತ್ರಿಕೆಗಳು ಬರೆದವು. ಒಳ್ಳೆಯದು. ದುಡಿದವರು ಉಣ್ಣಲಿ, ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ ಆ ಊಟವನ್ನು ಮನೆಮನೆಗೆ ಹೊತ್ತು ತಲುಪಿಸಿದ ‘ಪಾಲುದಾರ’ನ ಕಥೆ ಏನು? ಕಂಪನಿ ಕಾನೂನಿನ ಪ್ರಕಾರ ನೌಕರರ ಷೇರು ಯೋಜನೆ, ಅಂದರೆ ಇಸಾಪ್, ನೌಕರರಿಗೂ ನಿರ್ದೇಶಕರಿಗೂ ಮಾತ್ರ. ಈ ಹುಡುಗ ನೌಕರನೇ ಅಲ್ಲವಲ್ಲ! ಪಿ.ಎಫ್. ಕೇಳಿದರೆ ‘ನೀನು ಪಾಲುದಾರ’. ಪಾಲು ಕೇಳಿದರೆ ‘ನೀನು ನೌಕರನಲ್ಲ’. ಎಂಥ ಚಮತ್ಕಾರ ನೋಡಿ.

ಗೆಳೆಯರೇ, ಇಂದು ನಿಮ್ಮೊಂದಿಗೆ ನೇರವಾಗಿ ಮಾತಾಡಬೇಕಾಗಿದೆ. ಇಷ್ಟು ವರ್ಷ ಈ ಊರಿನಲ್ಲಿ ನಾವು ಕೇಳಿದ್ದು ಕೆಲಸ. ಕೇಳಿದ್ದು ತಪ್ಪಲ್ಲ, ಇನ್ನೂ ಕೇಳುತ್ತೇವೆ. ಆದರೆ ಸ್ಟಾರ್ಟ್‌ಅಪ್ ಕಾಲದಲ್ಲಿ ದೊಡ್ಡ ಸಂಪತ್ತು ಸಂಬಳದ ಚೀಟಿಯಲ್ಲಿ ಇರುವುದಿಲ್ಲ, ಷೇರು ಪತ್ರದಲ್ಲಿರುತ್ತದೆ. ಕೆಲಸದ ಜೊತೆಗೆ ಒಡೆತನವನ್ನೂ ಕೇಳುವ, ಕಟ್ಟುವ, ಗಳಿಸುವ ಕಾಲ ಬಂದಿದೆ. ಅದು ಹೇಗೆ ಎಂಬುದೇ ಇವತ್ತಿನ ಮಾತು.

ಹೊಲ ಹದ ಮಾಡಿದವರು ಯಾರು?

ಬೆಂಗಳೂರಿನ ಹವೆ ತಂಪು, ಅದಕ್ಕೇ ಕಂಪನಿಗಳು ಬಂದವು ಎಂಬ ಅಜ್ಜಿಕಥೆಯನ್ನು ನೀವೂ ಕೇಳಿರುತ್ತೀರಿ. ಹವೆ ಊಟಿಯಲ್ಲಿ ಇನ್ನೂ ತಂಪು. ಅಲ್ಲೇಕೆ ಹೋಗಲಿಲ್ಲ?

ಲೆಕ್ಕ ಹಾಕೋಣ. 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ಹುಟ್ಟಿತು, 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ಟಾಟಾ ಅವರು ಕನಸು ಕಂಡ ವಿಜ್ಞಾನ ಸಂಸ್ಥೆಗೆ ಮೈಸೂರು ಸಂಸ್ಥಾನ 371 ಎಕರೆ ಭೂಮಿ ಕೊಟ್ಟಿತು, 1909ರಲ್ಲಿ ಸಂಸ್ಥೆ ಸ್ಥಾಪನೆಯಾಯಿತು. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ವಿಮಾನ ಕಾರ್ಖಾನೆ ಕಟ್ಟಿದರು, ಅದೇ ಇಂದಿನ ಎಚ್‌.ಎ.ಎಲ್. ಆಮೇಲೆ 1948ರಲ್ಲಿ ಐ.ಟಿ.ಐ., 1953ರಲ್ಲಿ ಎಚ್‌.ಎಂ.ಟಿ., 1954ರಲ್ಲಿ ಬಿ.ಇ.ಎಲ್., 1964ರಲ್ಲಿ ಬಿ.ಇ.ಎಂ.ಎಲ್. ಯಂತ್ರದ ಮುಂದೆ ನಿಂತು ಕೆಲಸ ಕಲಿತ ಒಂದು ಇಡೀ ತಲೆಮಾರು ಈ ಊರಿನಲ್ಲಿ ಬೆಳೆಯಿತು. 1976ರಲ್ಲಿ ರಾಜ್ಯ ಸರ್ಕಾರ ಕಿಯೋನಿಕ್ಸ್ ಸ್ಥಾಪಿಸಿತು. ಅದರ ಮುಖ್ಯಸ್ಥರಾಗಿದ್ದ ಆರ್.ಕೆ. ಬಾಳಿಗಾ ಹೊಸೂರು ರಸ್ತೆಯ ಹೊಲಗಳ ನಡುವೆ ಎಲೆಕ್ಟ್ರಾನಿಕ್ ಸಿಟಿ ಕಟ್ಟುತ್ತೇವೆ ಎಂದಾಗ ನಕ್ಕವರೇ ಹೆಚ್ಚು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂತು. 1991ರಲ್ಲಿ ಕೇಂದ್ರದ ಸಾಫ್ಟ್‌ವೇರ್ ಪಾರ್ಕ್ ಯೋಜನೆ ಬಂತು.

ಇಷ್ಟೆಲ್ಲ ಆದ ಮೇಲೆ 2007ರಲ್ಲಿ ಕೋರಮಂಗಲದ ಒಂದು ಮನೆಯಲ್ಲಿ ಫ್ಲಿಪ್‌ಕಾರ್ಟ್ ಹುಟ್ಟಿತು. ಆ ಹುಡುಗರ ಬುದ್ಧಿಗೆ, ಬೆವರಿಗೆ ನಮ್ಮ ನಮಸ್ಕಾರ. ಆದರೆ ಅವರು ಬಿತ್ತಿದ್ದು ನೂರು ವರ್ಷ ಹದ ಮಾಡಿದ ಹೊಲದಲ್ಲಿ. ಹದ ಮಾಡಿದ್ದು ಸರ್ಕಾರದ ದುಡ್ಡು. ಸರ್ಕಾರದ ದುಡ್ಡು ಎಂದರೆ ನಿಮ್ಮ ಅಪ್ಪ, ಅಜ್ಜ ಕಟ್ಟಿದ ಕಂದಾಯ ಮತ್ತು ತೆರಿಗೆ. ಆದ್ದರಿಂದ ಈ ಬೆಳೆಯಲ್ಲಿ ಪಾಲು ಕೇಳುವುದು ಭಿಕ್ಷೆಯಲ್ಲ.

ದುಡ್ಡಿನ ಆಟ ಹೀಗಿದೆ

ಸ್ಟಾರ್ಟ್‌ಅಪ್ ಎಂದರೆ ಬರೀ ಸಣ್ಣ ಕಂಪನಿ ಎಂದು ತಿಳಿಯಬೇಡಿ. ಗಾಂಧಿ ಬಜಾರಿನ ಹೂವಿನ ಅಂಗಡಿಯೂ ಸಣ್ಣದೇ. ಹೂವಿನವಳು ಇವತ್ತು ಮಾರಿದ್ದರಲ್ಲಿ ಲಾಭ ತೆಗೆದು ನಾಳೆ ಅಂಗಡಿ ತೆರೆಯಬೇಕು. ಸ್ಟಾರ್ಟ್‌ಅಪ್ಪಿಗೆ ಆ ಕಟ್ಟುಪಾಡಿಲ್ಲ. ವರ್ಷಗಟ್ಟಲೆ ನಷ್ಟ ಮಾಡಿಕೊಂಡೇ ಬೆಳೆಯಬಹುದು. ನಷ್ಟ ತುಂಬುವವರು ವೆಂಚರ್ ಕ್ಯಾಪಿಟಲ್ ಎಂಬ ಹೂಡಿಕೆದಾರರು. ಅವರು ಸಾಲ ಕೊಡುವುದಿಲ್ಲ, ಪಾಲು ಕೊಳ್ಳುತ್ತಾರೆ. ಹತ್ತು ಕಂಪನಿಗೆ ಹಣ ಹಾಕುತ್ತಾರೆ, ಹೆಚ್ಚಿನವು ಮುಳುಗುತ್ತವೆಂದು ಅವರಿಗೂ ಗೊತ್ತು. ಒಂದೆರಡು ಗೆದ್ದರೆ ಉಳಿದದ್ದೆಲ್ಲ ವಸೂಲು. ಒಂದೊಂದು ಸುತ್ತು ಹಣ ಬಂದಾಗಲೂ ಸ್ಥಾಪಕರ ಪಾಲು ಕರಗುತ್ತದೆ, ಹೂಡಿಕೆದಾರರ ಪಾಲು ಏರುತ್ತದೆ.

ಫ್ಲಿಪ್‌ಕಾರ್ಟನ್ನೇ ನೋಡಿ. ಸ್ಥಾಪಕರು ಮೊದಲು ಹಾಕಿದ್ದು 4 ಲಕ್ಷ ರೂಪಾಯಿ. ಆಮೇಲೆ ಅಮೆರಿಕದ ಟೈಗರ್ ಗ್ಲೋಬಲ್, ದಕ್ಷಿಣ ಆಫ್ರಿಕದ ನ್ಯಾಸ್ಪರ್ಸ್, ಜಪಾನಿನ ಸಾಫ್ಟ್‌ಬ್ಯಾಂಕ್ ಎಲ್ಲ ಬಂದವು. ತಾಯಿ ಕಂಪನಿ ಸಿಂಗಪುರದಲ್ಲಿ ನೋಂದಣಿಯಾಯಿತು. 2018ರಲ್ಲಿ ಅಮೆರಿಕದ ವಾಲ್‌ಮಾರ್ಟ್ 77 ಪ್ರತಿಶತ ಪಾಲನ್ನು 1,600 ಕೋಟಿ ಡಾಲರಿಗೆ ಕೊಂಡಿತು. ರೂಪಾಯಿಯಲ್ಲಿ ಒಂದು ಲಕ್ಷ ಕೋಟಿಗೂ ಮೇಲೆ. ಕೋರಮಂಗಲದಲ್ಲಿ ಹುಟ್ಟಿ, ಸಿಂಗಪುರದಲ್ಲಿ ನೋಂದಣಿಯಾಗಿ, ಅಮೆರಿಕಕ್ಕೆ ಮಾರಾಟ.

ಇನ್ನೊಂದು ತಮಾಷೆ ಕೇಳಿ. ಬೆಂಗಳೂರಿನಲ್ಲಿ ಹುಟ್ಟಿದ ಈ ಕಂಪನಿ ಮೊದಲು ಕಲಿತ ಭಾರತೀಯ ಭಾಷೆ ಹಿಂದಿ, 2019ರಲ್ಲಿ. ಕನ್ನಡ ಬಂದದ್ದು 2020ರ ಜೂನಿನಲ್ಲಿ. ಹುಟ್ಟಿ ಹದಿಮೂರು ವರ್ಷವಾಗುವ ಹೊತ್ತಿಗೆ! ಪಕ್ಕದ ಮನೆಯ ಮಗು ಮೂರು ವರ್ಷಕ್ಕೆ ಕಲಿಯುವ ಭಾಷೆ. ಇದಕ್ಕೆ ದ್ವೇಷ ಕಾರಣ ಎಂದು ಹೇಳುವಷ್ಟು ದಡ್ಡರು ನಾವಲ್ಲ. ನಿರ್ಧಾರ ಮಾಡುವ ಕೋಣೆಯಲ್ಲಿ ಪಾಲುಳ್ಳವರು ಕೂರುತ್ತಾರೆ. ಆ ಕೋಣೆಯಲ್ಲಿ ಕನ್ನಡಕ್ಕೆ ಪಾಲಿರಲಿಲ್ಲ, ಅಷ್ಟೆ.

ನಾವು ಸೈಟು ಕೊಂಡೆವು

ಈಗ ನಮ್ಮ ಕಡೆಗೂ ಬೆರಳು ತಿರುಗಿಸೋಣ. 1993ರಲ್ಲಿ ಇನ್ಫೋಸಿಸ್ ಷೇರು 95 ರೂಪಾಯಿಗೆ ಸಾರ್ವಜನಿಕರಿಗೆ ಸಿಗುತ್ತಿತ್ತು. ಕೊಳ್ಳುವವರು ಸಾಲಲಿಲ್ಲ. ಉಳಿದದ್ದನ್ನು ಅಮೆರಿಕದ ಮಾರ್ಗನ್ ಸ್ಟ್ಯಾನ್ಲಿ ಎತ್ತಿಕೊಂಡಿತು. ಕಂಪನಿ ನಮ್ಮದೇ ಊರಿನಲ್ಲಿ, ಸ್ಥಾಪಕರಲ್ಲಿ ಒಬ್ಬರಾದ ನಾರಾಯಣಮೂರ್ತಿಯವರು ನಮ್ಮವರೇ. ನಮ್ಮ ಮನೆಗಳಲ್ಲಿ ಆಗ ನಡೆಯುತ್ತಿದ್ದ ಮಾತು ಯಾವುದು? ಬಿ.ಡಿ.ಎ. ಸೈಟಿಗೆ ಅರ್ಜಿ ಹಾಕಿದೆಯಾ? ಷೇರು ಎಂದರೆ ಜೂಜು, ವ್ಯಾಪಾರ ಎಂದರೆ ಬೇರೆಯವರ ಕಸುಬು, ಮಗನಿಗೆ ಸರ್ಕಾರಿ ನೌಕರಿ, ತಪ್ಪಿದರೆ ಬ್ಯಾಂಕು. ಸೈಟು ಬಂತು, ಮನೆ ಬಂತು, ಬಾಡಿಗೆಯೂ ಬಂತು. ಬಾಡಿಗೆಗೆ ಬಂದವನು ಮೇಲಿನ ಮಹಡಿಯಲ್ಲಿ ಕೂತು ಕಂಪನಿ ಕಟ್ಟಿದ.

ದೋಸೆ ನಮ್ಮದು ಎಂದು ಎದೆ ತಟ್ಟಿಕೊಳ್ಳುತ್ತೇವೆ. ಆದರೆ ದೋಸೆ ಹಿಟ್ಟನ್ನು ಪೊಟ್ಟಣ ಕಟ್ಟಿ ದೊಡ್ಡ ಕಂಪನಿ ಮಾಡಬಹುದು ಎಂದು 2005ರಲ್ಲಿ ಬೆಂಗಳೂರಿನಲ್ಲೇ ತೋರಿಸಿದವರು ವಯನಾಡಿನ ಪಿ.ಸಿ. ಮುಸ್ತಫಾ ಮತ್ತು ಅವರ ದಾಯಾದಿ ತಮ್ಮಂದಿರು. ಕಂಪನಿಯ ಹೆಸರು ಐಡಿ ಫ್ರೆಶ್ ಫುಡ್. ಅವರಿಗೆ ಶಹಬ್ಬಾಸ್ ಹೇಳಬೇಕು. 1924ರಲ್ಲಿ ಈ ಊರಿನಲ್ಲಿ ಹುಟ್ಟಿ ರವೆ ಇಡ್ಲಿಯನ್ನು ಲೋಕಕ್ಕೆ ಕೊಟ್ಟ ಎಂ.ಟಿ.ಆರ್. ಹೆಸರಿನ ಆಹಾರ ಉದ್ಯಮ 2007ರಲ್ಲಿ ನಾರ್ವೆ ದೇಶದ ಓರ್ಕ್ಲಾ ಕಂಪನಿಯ ಪಾಲಾಯಿತು.

‘ಕನ್ನಡಿಗರಿಗೆ ವ್ಯಾಪಾರ ಒಗ್ಗುವುದಿಲ್ಲ ಬಿಡಿ’ ಎನ್ನುವವರ ಬಾಯಿಗೆ ಬೀಗ ಹಾಕಲು ಕರಾವಳಿಯೊಂದೇ ಸಾಕು. 1925ರಲ್ಲಿ ಉಡುಪಿಯಲ್ಲಿ ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಎಂಬ ಮೂವರು ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಕಟ್ಟಿದ್ದೇ ಸಿಂಡಿಕೇಟ್ ಬ್ಯಾಂಕ್. ಕಷ್ಟದಲ್ಲಿದ್ದ ನೇಕಾರರಿಗೆ ನೆರವಾಗುವುದು ಉದ್ದೇಶ. 1928ರಲ್ಲಿ ಅವರು ಪಿಗ್ಮಿ ಠೇವಣಿ ಶುರು ಮಾಡಿದರು. ದಿನಕ್ಕೆ ಎರಡಾಣೆ, ಬ್ಯಾಂಕಿನವನೇ ಅಂಗಡಿ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದ. ಇವತ್ತು ಫಿನ್‌ಟೆಕ್ ಎಂದು ಮೊಬೈಲಿನಲ್ಲಿ ಮಾಡುತ್ತಿರುವುದನ್ನು ಅವರು ಸೈಕಲ್ಲಿನ ಕಾಲದಲ್ಲಿ ಮಾಡಿದರು. 1905ರಲ್ಲೇ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ರೈತರ ಸಹಕಾರ ಸಂಘ ಕಟ್ಟಿದ್ದರು. ಸದಸ್ಯನೇ ಒಡೆಯ.

ತೀರಾ ಈಚೆಗೆ ಬನ್ನಿ. ಗೊರೂರಿನಲ್ಲಿ ಬೆಳೆದ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿ ಸಾಮಾನ್ಯರನ್ನು ವಿಮಾನ ಹತ್ತಿಸಿದರು. ಅವರ ಬದುಕಿನಿಂದ ಸ್ಫೂರ್ತಿ ಪಡೆದು ಸಿನಿಮಾ ಮಾಡಿದ್ದು ಮಾತ್ರ ತಮಿಳರು! ಶಿವಮೊಗ್ಗದಲ್ಲಿ ಹುಟ್ಟಿದ ನಿತಿನ್ ಕಾಮತ್ 2010ರಲ್ಲಿ ಬೆಂಗಳೂರಿನಲ್ಲಿ ಜೆರೋಧಾ ಕಟ್ಟಿದರು. ಹೊರಗಿನ ಹೂಡಿಕೆದಾರರ ಹಣ ಮುಟ್ಟದೆ, ಲಾಭದಲ್ಲೇ ಬೆಳೆದು, ದೇಶದ ದೊಡ್ಡ ಷೇರು ದಲ್ಲಾಳಿ ಕಂಪನಿಗಳ ಸಾಲಿನಲ್ಲಿ ನಿಲ್ಲಿಸಿದರು. ಬರುವುದಿಲ್ಲ ಎನ್ನುವುದು ಸುಳ್ಳು. ಬಿಟ್ಟುಕೊಟ್ಟೆವು ಎನ್ನುವುದು ನಿಜ.

ಮಹಿಷಿ ವರದಿಗೆ ಸಿಕ್ಕದ ಕೆಲಸ

1983ರಲ್ಲಿ ಸರೋಜಿನಿ ಮಹಿಷಿ ಸಮಿತಿ ನೇಮಕವಾಯಿತು. 1986ರಲ್ಲಿ 58 ಶಿಫಾರಸುಗಳ ವರದಿ ಬಂತು. ಆ ವರದಿಗಾಗಿ ಬೀದಿಗಿಳಿದವರು, ಲಾಠಿ ಏಟು ತಿಂದವರು ನಮ್ಮ ಹಿರಿಯರು. ಆ ಕಾಲಕ್ಕೆ ಅದು ಸರಿಯಾದ ಬೇಡಿಕೆ. ಕಾರ್ಖಾನೆ ಇತ್ತು, ಗೇಟಿತ್ತು, ಹಾಜರಿ ಪುಸ್ತಕವಿತ್ತು, ಇಷ್ಟು ಹುದ್ದೆಯಲ್ಲಿ ಇಷ್ಟು ನಮ್ಮವರಿಗೆ ಎಂದು ಎಣಿಸಬಹುದಿತ್ತು.

2024ರ ಜುಲೈನಲ್ಲಿ ರಾಜ್ಯ ಸಂಪುಟ ಅದೇ ದಾರಿಯ ಒಂದು ಮಸೂದೆಗೆ ಒಪ್ಪಿಗೆ ಕೊಟ್ಟಿತು. ಆಡಳಿತ ಹುದ್ದೆಗಳಲ್ಲಿ 50 ಪ್ರತಿಶತ, ಉಳಿದವುಗಳಲ್ಲಿ 70 ಪ್ರತಿಶತ ಸ್ಥಳೀಯರಿಗೆ ಎಂಬುದು ಅದರ ಸಾರ. ಉದ್ಯಮಿಗಳು ಕೂಗೆಬ್ಬಿಸಿದರು. ಒಂದೆರಡು ದಿನದಲ್ಲೇ ಸರ್ಕಾರ ಅದನ್ನು ತಡೆಹಿಡಿಯಿತು. ನಮಗೆ ಸಿಟ್ಟು ಬಂತು, ಬರಬೇಕಾದದ್ದೇ.

ಆದರೆ ಸಿಟ್ಟು ಇಳಿದ ಮೇಲೆ ಒಂದು ಪ್ರಶ್ನೆ ಕೇಳಿಕೊಳ್ಳಿ. ಆ ಮಸೂದೆ ಅಕ್ಷರಶಃ ಜಾರಿಯಾಗಿದ್ದರೂ ಹೋಟೆಲಿನ ಮುಂದೆ ನಿಂತಿರುವ ಆ ಮಂಡ್ಯದ ಹುಡುಗನಿಗೆ ಏನು ಸಿಗುತ್ತಿತ್ತು? ಏನೂ ಇಲ್ಲ. ಅವನು ಹುದ್ದೆಯಲ್ಲೇ ಇಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವನನ್ನು ಯಾವ ಪ್ರತಿಶತದಲ್ಲಿ ಎಣಿಸುತ್ತೀರಿ? ಅತ್ತ ಮೇಲಿನ ತುದಿಯಲ್ಲಿ ಷೇರು ಹಿಡಿದು ಕೂತ ಹೂಡಿಕೆದಾರನೂ ಹುದ್ದೆಯಲ್ಲಿಲ್ಲ. ಸ್ಟಾರ್ಟ್‌ಅಪ್ ಲೋಕದಲ್ಲಿ ತೀರಾ ಮೇಲಿನ ಸಂಪತ್ತು, ತೀರಾ ಕೆಳಗಿನ ದುಡಿಮೆ, ಎರಡೂ ನೌಕರಿಯ ಕಾನೂನಿನಿಂದ ಹೊರಗಿವೆ. ಮೀಸಲಾತಿಯ ಬಲೆಗೆ ನಡುವಿನ ಮೀನು ಮಾತ್ರ ಬೀಳುತ್ತದೆ.

2024ರಲ್ಲೇ ಇನ್ನೊಂದು ಕಾನೂನೂ ಬಂತು. ಅಂಗಡಿ ಫಲಕಗಳಲ್ಲಿ 60 ಪ್ರತಿಶತ ಕನ್ನಡ ಕಡ್ಡಾಯವಾಯಿತು. ಹೋರಾಡಿ ಪಡೆದದ್ದು, ಬಿಡಬಾರದು. ಆದರೆ ಫಲಕದಲ್ಲಿ ನಮ್ಮ ಭಾಗ 60 ಎಂದು ಖುಷಿಪಡುವಾಗ, ಫಲಕದ ಹಿಂದಿನ ಕಂಪನಿಯಲ್ಲಿ ನಮ್ಮ ಭಾಗ ಎಷ್ಟು ಎಂದು ಕೇಳಿದವರು ಎಷ್ಟು ಮಂದಿ?

ಹೊಸ ಗೇಣಿ, ಹೊಸ ಕೊಳಗ

ನಿಮ್ಮ ಅಜ್ಜನನ್ನು ಕೇಳಿ, ಗೇಣಿ ಎಂದರೇನು ಎಂದು ಹೇಳುತ್ತಾರೆ. ಎತ್ತು ರೈತನದು, ನೇಗಿಲು ರೈತನದು, ಬೆವರು ರೈತನದು, ಬೆಳೆಯ ಪಾಲು ಮಾತ್ರ ಒಡೆಯನ ಕಣಜಕ್ಕೆ. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ರೈತರು ಸಿಡಿದೆದ್ದರು. ಗೇಣಿ ಭತ್ತ ಅಳೆಯುವ ಕೊಳಗವೇ ದೊಡ್ಡದು ಎಂಬುದು ಅವರ ದೂರು. ಅಳತೆಯ ಪಾತ್ರೆ ಒಡೆಯನ ಕೈಯಲ್ಲಿದ್ದರೆ ಲೆಕ್ಕ ಯಾವತ್ತೂ ರೈತನಿಗೆ ಸಿಗುವುದಿಲ್ಲ. ಲೋಹಿಯಾ ಬಂದು ಬಂಧನಕ್ಕೊಳಗಾದರು. ಆ ಕಿಡಿ ಆರಲಿಲ್ಲ. 1974ರಲ್ಲಿ ದೇವರಾಜ ಅರಸರ ಕಾಲದಲ್ಲಿ ಭೂಸುಧಾರಣೆ ಕಾನೂನು ಬಲವಾಗಿ ತಿದ್ದುಪಡಿಯಾಯಿತು. ಉಳುವವನೇ ಹೊಲದೊಡೆಯನಾದ.

ಇವತ್ತು ಬೈಕು ಹುಡುಗನದು, ಪೆಟ್ರೋಲು ಹುಡುಗನದು, ಮೊಬೈಲು ಹುಡುಗನದು, ಬಿದ್ದರೆ ಮುರಿಯುವ ಕಾಲೂ ಹುಡುಗನದೇ. ಕಂಪನಿಯದು ಆ್ಯಪ್ ಒಂದೇ. ಕೊಳಗ ಅಲ್ಲಿದೆ! ಎಷ್ಟು ಕಿಲೋಮೀಟರಿಗೆ ಎಷ್ಟು, ಯಾರಿಗೆ ಆರ್ಡರು ಹೋಗಬೇಕು, ಯಾರ ಐಡಿ ಬಂದ್ ಆಗಬೇಕು, ಎಲ್ಲವನ್ನೂ ಅಳೆಯುವುದು ಕಣ್ಣಿಗೆ ಕಾಣದ ಅಲ್ಗಾರಿದಂ. ಕಾಗೋಡಿನ ರೈತನಿಗೆ ಕೊಳಗ ಕಣ್ಣಿಗಾದರೂ ಕಾಣುತ್ತಿತ್ತು.

ಇಲ್ಲಿ ಕರ್ನಾಟಕ ಒಂದು ಒಳ್ಳೆಯ ಕೆಲಸ ಮಾಡಿದೆ, ಹೇಳಲೇಬೇಕು. ರಾಜಸ್ಥಾನ 2023ರಲ್ಲಿ ಗಿಗ್ ಕಾರ್ಮಿಕರಿಗೆ ಮೊದಲ ಕಾನೂನು ಮಾಡಿತು. 2025ರಲ್ಲಿ ನಮ್ಮಲ್ಲೂ ಆಯಿತು. ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಲ್ಲುವ ಮೊತ್ತದ 1ರಿಂದ 5 ಪ್ರತಿಶತದಷ್ಟು ಶುಲ್ಕವನ್ನು ಕಂಪನಿ ಕಲ್ಯಾಣ ನಿಧಿಗೆ ಕಟ್ಟಬೇಕು. ಕಾರಣ ಹೇಳದೆ ಕೆಲಸದಿಂದ ಕಿತ್ತುಹಾಕುವಂತಿಲ್ಲ, 14 ದಿನದ ನೋಟಿಸು ಬೇಕು. ಕರಾರು ಸರಳ ಭಾಷೆಯಲ್ಲಿರಬೇಕು. ಕೂಲಿ ಮತ್ತು ಕೆಲಸವನ್ನು ನಿರ್ಧರಿಸುವ ಯಂತ್ರದ ಲೆಕ್ಕಾಚಾರದ ಬಗ್ಗೆ ಕಾರ್ಮಿಕನಿಗೆ ತಿಳಿಸಬೇಕು. ಅಂದರೆ ಕೊಳಗವನ್ನು ಬೆಳಕಿಗೆ ತರುವ ಮೊದಲ ಹೆಜ್ಜೆ. ಆದರೆ ಇದು ಅಳತೆ ಸರಿಮಾಡುವ ಕಾನೂನು, ಹೊಲ ಕೊಡುವ ಕಾನೂನಲ್ಲ. ಕಾಗೋಡಿನಿಂದ ಅರಸರವರೆಗೆ 23 ವರ್ಷ ಹಿಡಿಯಿತು. ಮುಂದಿನ ದಾರಿ ದೂರವಿದೆ.

ಕನ್ನಡವೇ ಒಂದು ಪೇಟೆ

2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿ ಎಂದು ಬರೆಸಿದವರು 4 ಕೋಟಿ 37 ಲಕ್ಷ. ಯುರೋಪಿನ ಎಷ್ಟೋ ದೇಶಗಳಿಗಿಂತ ದೊಡ್ಡ ಗಿರಾಕಿ ಬಳಗ. ಇದನ್ನು ನಾವು ಅಭಿಮಾನದ ಭಾಷಣಕ್ಕೆ ಬಳಸುತ್ತೇವೆ. ಬೇರೆಯವರು ವ್ಯಾಪಾರಕ್ಕೆ ಬಳಸಿದರು. 2015ರಲ್ಲಿ ಕಾನ್ಪುರ ಐ.ಐ.ಟಿ.ಯ ಹುಡುಗರು ಶೇರ್‌ಚಾಟ್ ಕಟ್ಟಿದರು, ಬೆಂಗಳೂರಿನಿಂದ ನಡೆಸಿದರು. ಅದರಲ್ಲಿ ಇಂಗ್ಲಿಷನ್ನು ಬೇಕೆಂದೇ ಬಿಟ್ಟು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳನ್ನಷ್ಟೇ ಇಟ್ಟರು. ಕನ್ನಡದಲ್ಲಿ ಗಿರಾಕಿ ಇದ್ದಾನೆ ಎಂದು ಉತ್ತರದವರಿಗೆ ಹೊಳೆಯಿತು.

ನಮ್ಮವರಿಗೂ ಹೊಳೆಯದೆ ಇರಲಿಲ್ಲ. ಅಪ್ರಮೇಯ ರಾಧಾಕೃಷ್ಣ ಗೆಳೆಯರೊಡನೆ 2020ರಲ್ಲಿ ತಂದ ‘ಕೂ’ ಮೊದಲು ಮಾತಾಡಿದ್ದು ಕನ್ನಡದಲ್ಲಿ. ಆಮೇಲೆ ಬೇರೆ ಭಾಷೆಗಳಿಗೆ ಹಬ್ಬಿತು, ದೂರದ ನೈಜೀರಿಯಾದವರೆಗೂ ಹೋಯಿತು. ಹಣ ಹಾಕುವವರು ಸಿಗದೆ 2024ರ ಜುಲೈನಲ್ಲಿ ಮುಚ್ಚಿತು. ಮುಚ್ಚಿದ್ದಕ್ಕೆ ಕನ್ನಡ ಕಾರಣವಲ್ಲ. ನಷ್ಟದಲ್ಲೇ ಬೆಳೆಯುವ ಆಟದಲ್ಲಿ ಹಣ ಹಾಕುವವನು ಕೈ ಎತ್ತಿದ ದಿನ ಅಂಗಡಿ ಮುಚ್ಚಲೇಬೇಕು. ಆದ್ದರಿಂದ ಕೂ ಸೋತದ್ದರಿಂದ ಕಲಿಯಬೇಕಾದ ಪಾಠ ಭಾಷೆಯ ಬಗ್ಗೆ ಅಲ್ಲ, ಬಂಡವಾಳದ ಬಗ್ಗೆ.

2022ರ ನವೆಂಬರಿನಲ್ಲಿ ಬಂದ ‘ನಮ್ಮ ಯಾತ್ರಿ’ ಇನ್ನೊಂದು ದಾರಿ ತೋರಿಸಿತು. ಆಟೋ ಚಾಲಕರ ಸಂಘ ಮತ್ತು ಜಸ್‌ಪೇ ಕಂಪನಿ ಕೈಜೋಡಿಸಿದ ಆ್ಯಪ್ ಅದು. ಹೆಸರೇ ಕನ್ನಡ. ಕಮಿಷನ್ ಇಲ್ಲ, ದಿನಕ್ಕೆ 25 ರೂಪಾಯಿಯಂಥ ಸಣ್ಣ ಶುಲ್ಕ ಅಷ್ಟೆ. ಆಮೇಲೆ ರ‍್ಯಾಪಿಡೊ, ಓಲಾ, ಊಬರ್ ಕೂಡ ಆಟೋಗಳ ಮಟ್ಟಿಗೆ ಕಮಿಷನ್ ಬಿಟ್ಟು ಶುಲ್ಕದ ದಾರಿಗೆ ಬಂದವು. ಬೆಂಗಳೂರಿನ ಆಟೋದವರು ಬಹುರಾಷ್ಟ್ರೀಯ ಕಂಪನಿಯ ಲೆಕ್ಕಾಚಾರ ಬದಲಿಸಿದರು ಎಂದರೆ ಸಣ್ಣ ಮಾತೇ? ಆದರೆ 2024ರಲ್ಲಿ ಹೂಡಿಕೆದಾರರು ಇಲ್ಲಿಗೂ ಬಂದರು, ಗೂಗಲ್ ಕೂಡ ಬಂತು. ಚಾಲಕನಿಗೆ ಕಮಿಷನ್ ಉಳಿಯಿತು, ಷೇರು ಹೂಡಿಕೆದಾರರಿಗೆ ಹೋಯಿತು. ಮುಂದಿನ ಇಂಥ ಪ್ರಯತ್ನದಲ್ಲಿ ಚಾಲಕರ ಸಂಘಕ್ಕೆ ಮೊದಲ ದಿನವೇ ಷೇರು ಬರೆದುಕೊಡುವಂತೆ ಕೇಳಬೇಕು.

ಈಗ ಕೃತಕ ಬುದ್ಧಿಮತ್ತೆಯ ಕಾಲ. ಯಂತ್ರಕ್ಕೆ ಕನ್ನಡ ಕಲಿಸಲು ಕನ್ನಡದ ಧ್ವನಿ ಬೇಕು. ನಮ್ಮ ರಾಜ್ಯದ ಹಳ್ಳಿಗಳ ಹೆಣ್ಣುಮಕ್ಕಳು ಮೊಬೈಲಿನಲ್ಲಿ ಕನ್ನಡ ಓದಿ ಧ್ವನಿ ದಾಖಲಿಸಿ ಕೊಡುತ್ತಿದ್ದಾರೆ. ಇದನ್ನು ನಡೆಸುವ ‘ಕಾರ್ಯ’ ಎಂಬ ಬೆಂಗಳೂರಿನ ಸಂಸ್ಥೆ ಅವರಿಗೆ ಕೂಲಿ ಕೊಡುವುದಷ್ಟೇ ಅಲ್ಲ, ಆ ಧ್ವನಿ ಮತ್ತೆ ಮಾರಾಟವಾದರೆ ಅದರ ಹಣವನ್ನೂ ಅವರಿಗೇ ತಲುಪಿಸುವ ನಿಯಮ ಇಟ್ಟುಕೊಂಡಿದೆ. ಮಾತಾಡಿದವಳಿಗೆ ಮಾತಿನಲ್ಲಿ ಪಾಲು! ಹಳ್ಳಿಯ ಹೆಣ್ಣುಮಗಳಿಗೆ ಸಿಗಬಹುದಾದ ಪಾಲು ನಗರದ ಹುಡುಗನಿಗೇಕೆ ಸಿಗಬಾರದು?

ಬಲೂನು ಒಡೆದಾಗ

ಹಾಗೆಂದು ಸ್ಟಾರ್ಟ್‌ಅಪ್ ಎಂದರೆ ಕಣ್ಣುಮುಚ್ಚಿ ಹಾರುವ ಬಾವಿಯೂ ಅಲ್ಲ. ಬೈಜೂಸ್ ನೋಡಿ. 2022ರಲ್ಲಿ ಅದರ ಬೆಲೆ 2,200 ಕೋಟಿ ಡಾಲರ್ ಎಂದರು. 2024ರ ಜುಲೈನಲ್ಲಿ ಕ್ರಿಕೆಟ್ ಮಂಡಳಿಗೆ ಕೊಡಬೇಕಿದ್ದ ಸುಮಾರು 158 ಕೋಟಿ ರೂಪಾಯಿ ಬಾಕಿಗಾಗಿ ದಿವಾಳಿ ಪ್ರಕ್ರಿಯೆಯ ಬಾಗಿಲಿಗೆ ಬಂತು. ಬೆಂಗಳೂರಿನ ಮನೆಮನೆಗೆ ಸಾಮಾನು ತಲುಪಿಸಿದ ಡನ್ಜೊ, ಗೂಗಲ್ ಮತ್ತು ರಿಲಯನ್ಸ್ ಎರಡರ ಹಣ ಪಡೆದೂ 2025ರ ಜನವರಿಯಲ್ಲಿ ನಿಂತುಹೋಯಿತು. ಅದಕ್ಕೆ ಮೊದಲು ನೌಕರರ ಸಂಬಳ ತಿಂಗಳುಗಟ್ಟಲೆ ತಡವಾಗಿತ್ತು. ಬೆಲೆ ಎಂಬುದು ಹೂಡಿಕೆದಾರ ಹಾಳೆಯ ಮೇಲೆ ಬರೆದ ಅಂಕಿ, ಲಾಭ ಎಂಬುದು ಗಲ್ಲಾಪೆಟ್ಟಿಗೆಯಲ್ಲಿ ಉಳಿದ ಕಾಸು. ಎರಡನ್ನೂ ಬೇರೆ ಮಾಡಿ ನೋಡುವ ಕಣ್ಣು ಬೇಕು.

ಹಾಗಾದರೆ ಏನು ಮಾಡೋಣ?

ಕಂಪನಿಗಳಲ್ಲಿ ಕೆಲಸ ಮಾಡುವವರು ಮೊದಲು ಇಸಾಪ್ ಓದುವುದು ಕಲಿಯಿರಿ. ಸಂದರ್ಶನದಲ್ಲಿ ಸಂಬಳ ಎಷ್ಟು ಎಂದು ಕೇಳಿ ಸುಮ್ಮನಾಗಬೇಡಿ. ಷೇರು ಎಷ್ಟು, ಒಟ್ಟು ಷೇರುಗಳಲ್ಲಿ ಅದು ಎಷ್ಟು ಭಾಗ, ಕೈಗೆ ಬರಲು ಎಷ್ಟು ವರ್ಷ, ಕೆಲಸ ಬಿಟ್ಟರೆ ಏನಾಗುತ್ತದೆ ಎಂದು ಕೇಳಿ. ಸಾಮಾನ್ಯವಾಗಿ ನಾಲ್ಕು ವರ್ಷದಲ್ಲಿ ಹಂತಹಂತವಾಗಿ ಬರುತ್ತದೆ, ಮೊದಲ ವರ್ಷ ಮುಗಿಯುವ ಮುನ್ನ ಬಿಟ್ಟರೆ ಸೊನ್ನೆ. ಕೇಳಲು ನಾಚಿಕೆಪಡುವವನಿಗೆ ಕೊಡುವವರು ಯಾರೂ ಇಲ್ಲ.

ಗಿಗ್ ಕೆಲಸದಲ್ಲಿರುವವರು ಹೊಸ ಕಾನೂನಿನಡಿ ಹೆಸರು ನೋಂದಾಯಿಸಿ. ಸಂಘ ಕಟ್ಟಿ. ಅಸ್ಸಾಮಿನ ಹುಡುಗನನ್ನೂ ಸೇರಿಸಿಕೊಳ್ಳಿ, ಅವನಿಗೆ ನಾಲ್ಕು ಕನ್ನಡ ಮಾತು ಕಲಿಸಿ. ಅವನು ನಿಮ್ಮ ಶತ್ರುವಲ್ಲ, ಅದೇ ಕೊಳಗದಲ್ಲಿ ಅಳೆಸಿಕೊಳ್ಳುತ್ತಿರುವ ಇನ್ನೊಬ್ಬ ಗೇಣಿದಾರ.

ಕಟ್ಟುವ ಛಲ ಇರುವವರು ಬೆಂಗಳೂರಿನ ಬಾಡಿಗೆಗೆ ಹೆದರಿ ಕೂರಬೇಡಿ. ಹುಬ್ಬಳ್ಳಿಯಲ್ಲಿ ಅಲ್ಲಿಯವರೇ ಆದ ಗುರುರಾಜ ದೇಶಪಾಂಡೆಯವರ ಹೆಸರಿನ ದೊಡ್ಡ ಸ್ಟಾರ್ಟ್‌ಅಪ್ ಕೇಂದ್ರವಿದೆ. ರಾಜ್ಯ ಸರ್ಕಾರದ ‘ಎಲಿವೇಟ್’ ಯೋಜನೆ 50 ಲಕ್ಷದವರೆಗೆ ನೆರವು ಕೊಡುತ್ತದೆ. ಪಕ್ಕದ ತಮಿಳುನಾಡು ನೋಡಿ. ತೆಂಕಾಶಿಯ ಬಳಿಯ ಹಳ್ಳಿಯಲ್ಲಿ ಜೋಹೋ ಕಂಪನಿ ಕಚೇರಿ ತೆರೆದು ಅಲ್ಲಿಂದಲೇ ಲೋಕಕ್ಕೆಲ್ಲ ಸಾಫ್ಟ್‌ವೇರ್ ಮಾರುತ್ತಿದೆ. ಡಿಗ್ರಿ ಇಲ್ಲದ ಹುಡುಗರಿಗೆ ತಿಂಗಳ ಭತ್ಯೆ ಕೊಟ್ಟು ತನ್ನದೇ ಶಾಲೆಯಲ್ಲಿ ಕೆಲಸ ಕಲಿಸುತ್ತದೆ. ತೆಂಕಾಶಿಯಲ್ಲಿ ಆಗುವುದು ತೀರ್ಥಹಳ್ಳಿಯಲ್ಲಿ ಏಕಾಗಬಾರದು?

ಇನ್ನು ಸರ್ಕಾರಕ್ಕೆ. 2025ರಿಂದ 2030ರವರೆಗಿನ ಹೊಸ ಸ್ಟಾರ್ಟ್‌ಅಪ್ ನೀತಿಗೆ 518 ಕೋಟಿ ರೂಪಾಯಿ ಇಟ್ಟಿದ್ದೀರಿ. 25,000 ಸ್ಟಾರ್ಟ್‌ಅಪ್, ಅದರಲ್ಲಿ 10,000 ಬೆಂಗಳೂರಿನ ಹೊರಗೆ ಎಂದಿದ್ದೀರಿ. ಗುರಿ ಚೆನ್ನಾಗಿದೆ. ಮೂರು ಷರತ್ತು ಸೇರಿಸಿ. ಒಂದು, ದೊಡ್ಡ ನೆರವು ಕೊಡುವಾಗ ಬರಿಗೈ ದಾನ ಬೇಡ, ಸಣ್ಣದಾದರೂ ಷೇರು ಬರೆಸಿಕೊಳ್ಳಿ. ಕಿಟ್‌ವೆನ್ ನಿಧಿಯ ಮೂಲಕ ರಾಜ್ಯ ಈ ದಾರಿಯನ್ನು ಹಿಂದೆಯೇ ತುಳಿದಿದೆ, ಹೊಸದೇನಲ್ಲ. ಎರಡು, ನಾಡಿನ ದುಡ್ಡು ಪಡೆದು ಜನರಿಗೆ ಮಾರುವ ಪ್ರತಿ ಆ್ಯಪ್ ಮೊದಲ ದಿನದಿಂದಲೇ ಕನ್ನಡ ಮಾತಾಡಬೇಕು, ಹದಿಮೂರು ವರ್ಷ ಕಾಯುವಂತಿಲ್ಲ. ಮೂರು, ಕನ್ನಡದಲ್ಲಿ ಅರ್ಜಿ ಬರೆದು ಕನ್ನಡದಲ್ಲಿ ತನ್ನ ಯೋಜನೆ ವಿವರಿಸುವ ಹಾವೇರಿಯ ಹುಡುಗಿಗೆ ಆಯ್ಕೆ ಸಮಿತಿಯಲ್ಲಿ ಇಂಗ್ಲಿಷ್ ಮಾತಾಡುವವನಿಗೆ ಸಿಗುವಷ್ಟೇ ಮರ್ಯಾದೆ ಸಿಗಬೇಕು.

ಗೆಳೆಯರೇ, ನಮ್ಮ ಹಿರಿಯರು ಗೇಟಿನ ಮುಂದೆ ನಿಂತು ‘ಒಳಗೆ ಬಿಡಿ’ ಎಂದು ಕೂಗಿದರು. ಅವರ ಕೂಗಿನಿಂದಲೇ ಎಷ್ಟೋ ಮನೆಗಳಲ್ಲಿ ಒಲೆ ಉರಿಯಿತು. ಆದರೆ ಎಷ್ಟು ತಲೆಮಾರು ಗೇಟಿನ ಮುಂದೆಯೇ ನಿಲ್ಲುವುದು? ಗೇಟಿನ ಬೀಗದ ಕೈ ಇಟ್ಟುಕೊಳ್ಳುವುದನ್ನೂ ನಾವು ಕಲಿಯಬೇಕು. ಉಡುಪಿಯ ಮೂವರಿಗೆ 8,000 ರೂಪಾಯಿ ಸಾಕಾಯಿತು. ನಿಮ್ಮ ಗೆಳೆಯರ ಗುಂಪಿನಲ್ಲೂ ಮೂವರಿದ್ದೀರಿ. ಇದೇ ಭಾನುವಾರ ಒಂದು ಕಡೆ ಕೂತು, ಕನ್ನಡದ ಗಿರಾಕಿಗೆ ಇವತ್ತು ಸಿಗದೆ ಇರುವುದು ಏನು ಎಂದು ಒಂದು ಪಟ್ಟಿ ಮಾಡಿ. ಕಂಪನಿ ಅಲ್ಲಿಂದ ಶುರುವಾಗುತ್ತದೆ.